ವರ್ಷಕ್ಕೊಂದು ಸುದ್ದಿ ತರುತ್ತಿದ್ದ ನರಸಣ್ಣ

ನರಸಣ್ಣನದು ಬೆರಳಿನ ಕೆಲಸ. ಲಿಂಗಸುಗೂರಿನ ಬ್ಯಾಂಡ್ ಕಂಪನಿಯೊಂದರಲ್ಲಿ ಅವನು ಟ್ರಂಪೆಟ್ ಊದುತ್ತಿದ್ದ. ಮದುವೆಯ ಮೆರವಣಿಗೆಯಲ್ಲಿ ಸಿನಿಮಾ ಹಾಡು ಎತ್ತಿಕೊಂಡನೆಂದರೆ, ಆ ವಾದ್ಯದ ಮೂರು ಗುಂಡಿಗಳ ಮೇಲೆ ಅವನ ಬೆರಳು ಓಡಾಡುವುದನ್ನು ನೋಡಲಿಕ್ಕೇ ಕೆಲವರು ದಾರಿಯಲ್ಲಿ ನಿಲ್ಲುತ್ತಿದ್ದರು. ವರ್ಷದಲ್ಲಿ ಒಂದೇ ಒಂದು ದಿನ, ಜುಲೈ ಇಪ್ಪತ್ತಾರರಂದು, ಅವನು ಆ ಮೂರೂ ಗುಂಡಿಗಳನ್ನು ಮುಟ್ಟದೆ ಊದುತ್ತಿದ್ದ. ಅದು ಸಂತೆಕಲ್ಲೂರಿನ ನಮ್ಮ ಶಾಲೆಯ ಅಂಗಳದಲ್ಲಿ, ಗಂಗಾಧರನ ಕಲ್ಲಿನ ಮುಂದೆ.

ನಾನು ಆ ಶಾಲೆಗೆ ಟೀಚರಾಗಿ ಬಂದದ್ದು ಎರಡು ಸಾವಿರದ ಎರಡರಲ್ಲಿ. ಅದಕ್ಕಿಂತ ಹಿಂದಿನದನ್ನು ಅವರಿವರಿಂದ, ಹೆಚ್ಚಾಗಿ ನರಸಣ್ಣನ ಬಾಯಿಂದಲೇ ಕೇಳಿದ್ದೇನೆ. ಆಮೇಲಿನದನ್ನು ಕಂಡಿದ್ದೇನೆ.

ಗಂಗಾಧರ ಆ ಊರಿನ ಬಸ್ಸಪ್ಪ ಮತ್ತು ಪಾರ್ವತೆಮ್ಮನವರ ಎರಡನೆಯ ಮಗ. ಹಿರಿಯವ ಆಂಜನೇಯ ಹೊಲ ನೋಡಿಕೊಂಡ, ಕಿರಿಯವ ಸೈನ್ಯ ಸೇರಿದ. ನರಸಣ್ಣನ ತಾಯಿಯ ತವರೂರು ಸಂತೆಕಲ್ಲೂರೇ. ಅವನ ಅಪ್ಪ ಶಹನಾಯಿ ಊದುತ್ತ ಊರೂರು ತಿರುಗುವವನಾದ್ದರಿಂದ ಹುಡುಗ ಅಜ್ಜಿಯ ಮನೆಯಲ್ಲಿ ಉಳಿದ. ಏಳನೆಯ ತರಗತಿಯವರೆಗೆ ಗಂಗಾಧರನೂ ಅವನೂ ಒಂದೇ ಗೋಣಿಚೀಲ ಹಾಸಿಕೊಂಡು ಕೂತು ಓದಿದರು. ನಂತರ ನರಸಣ್ಣ ಲಿಂಗಸುಗೂರಿಗೆ ಹೋಗಿ ಬ್ಯಾಂಡ್ ಸೇರಿದ. ಗಂಗಾಧರ ಮಸ್ಕಿಯಲ್ಲಿ ಹತ್ತನೆಯ ತರಗತಿ ಮುಗಿಸಿ, ಒಂದೆರಡು ವರ್ಷ ಅಲ್ಲಿ ಇಲ್ಲಿ ಕೆಲಸ ಹುಡುಕಿ, ಕಡೆಗೆ ಸೈನಿಕನಾದ. ರಜೆಗೆ ಬಂದಾಗ ಊರಿಗೆ ಹೋಗುವ ಮೊದಲು ಲಿಂಗಸುಗೂರಿನಲ್ಲಿ ಇಳಿದು ನರಸಣ್ಣನನ್ನು ನೋಡಿಕೊಂಡೇ ಮುಂದಿನ ಬಸ್ಸು ಹಿಡಿಯುತ್ತಿದ್ದ.

ತೊಂಬತ್ತೆಂಟರ ಮೇ ತಿಂಗಳಲ್ಲಿ ದಢೇಸುಗೂರಿನ ಪದ್ಮಾವತಿಯ ಜೊತೆ ಅವನ ಮದುವೆಯಾಯಿತು. ನರಸಣ್ಣನ ಬ್ಯಾಂಡೇ ಬೇಕೆಂದು ಗಂಗಾಧರ ಹಟ ಹಿಡಿದಿದ್ದ. ಗಂಡಿನ ಕಡೆಯವರು ಎರಡು ಟ್ರ್ಯಾಕ್ಟರಿನಲ್ಲಿ ಹೊರಟರು. ಸಿಂಧನೂರು ದಾಟಿ ಕಾಲುವೆಯ ಸೇತುವೆ ಹತ್ತಿರ ಬಿಸಿಲಿಗೆ ನಿಂತು ಎಲ್ಲರೂ ಮುಖ ತೊಳೆಯುತ್ತಿದ್ದಾಗ ಮದುಮಗ ಗೆಳೆಯನನ್ನು ಪಕ್ಕಕ್ಕೆ ಕರೆದ.

"ಲೇ ನರಸ್ಯಾ, ನಮ್ಮ ಕ್ಯಾಂಪಿನ್ಯಾಗ ಸಂಜಿಮುಂದ ಜಂಡಾ ಇಳಸಬೇಕಾದ್ರ ಒಂದು ಊದ್ತಾರ ನೋಡು. ಆವಾಗ ಯಾರು ಎಲ್ಲಿದ್ರೂ ನಿಂತುಬಿಡಬೇಕು. ಕೈಯಾಗ ಚಾ ಇದ್ರ ಚಾ ಹಿಡಕೊಂಡು ಹಂಗ. ಒಂದು ಕಾಲಾಗ ಬೂಟು ಇದ್ರ ಹಂಗ."

"ಹ್ಯಾಂಗ ಊದ್ತಾರ? ಅಂದು ತೋರಸು."

ಗಂಗಾಧರ ಬಾಸಿಂಗ ಸರಿ ಮಾಡಿಕೊಳ್ಳುತ್ತ ಆ ಧಾಟಿಯನ್ನು ಗುನುಗಿದ. ನರಸಣ್ಣ ಟ್ರಂಪೆಟ್ ಎತ್ತಿ ಅದನ್ನು ಹಿಡಿಯಲು ನೋಡಿದ. ಎರಡು ಸಲ ಊದುವಷ್ಟರಲ್ಲಿ ಟ್ರ್ಯಾಕ್ಟರಿನ ಮೇಲಿನಿಂದ ಹಿರಿಯರೊಬ್ಬರು ಕೂಗಿದರು: "ಏ, ಮದುವ್ಯಾಗ ಏನ್ ಊದಾಕತ್ತೀರಿ ಅದು! ಚಲೋದೊಂದು ಹಾಡು ಹಚ್ಚರಲೇ!" ಇಬ್ಬರೂ ನಕ್ಕರು. ನರಸಣ್ಣ ಸಿನಿಮಾ ಹಾಡು ಹಚ್ಚಿದ.

ಮುಂದಿನ ವರ್ಷದ ಜುಲೈನಲ್ಲಿ, ಗಡಿಯ ಯುದ್ಧದಲ್ಲಿ ಮಡಿದ ಗಂಗಾಧರ ಪೆಟ್ಟಿಗೆಯಲ್ಲಿ ಬಂದ. ಹೈದರಾಬಾದಿನಿಂದ ಸೈನ್ಯದ ಗಾಡಿ ಬರುತ್ತದೆ ಎಂಬ ಸುದ್ದಿ ತಿಳಿದು ಮಸ್ಕಿಯಿಂದ ಸಂತೆಕಲ್ಲೂರಿನವರೆಗೆ ರಸ್ತೆಯ ಎರಡೂ ಕಡೆ ಜನ ನಿಂತಿದ್ದರು. ಪದ್ಮಾವತಿ ಆಗ ಆರು ತಿಂಗಳ ಗರ್ಭಿಣಿ. ಶಾಲೆಯ ಅಂಗಳದಲ್ಲಿ ಪೆಟ್ಟಿಗೆ ಇಳಿಸಿದರು. ಸೈನಿಕರು ಆಕಾಶಕ್ಕೆ ಗುಂಡು ಹಾರಿಸಿದರು. ಅವರಲ್ಲೊಬ್ಬ ಹಿತ್ತಾಳೆಯ ಬ್ಯೂಗಲ್ ಬಾಯಿಗಿಟ್ಟು ಊದಿದ.

ಸೇತುವೆಯ ಹತ್ತಿರ ಗುನುಗಿದ್ದನ್ನೇ ಕೇಳುತ್ತೇನೆ ಅಂದುಕೊಂಡಿದ್ದ ನರಸಣ್ಣ. ಆದರೆ ಇದು ಬೇರೆ ಧಾಟಿ, ಸತ್ತ ಸೈನಿಕನಿಗೆ ಊದುವುದು. "ಇದು ಅದಲ್ಲ ಅನ್ನಿಸ್ತು ನೋಡ್ರಿ ಟೀಚರ್ರೀ," ಎಂದು ಎಷ್ಟೋ ವರ್ಷದ ನಂತರ ನನಗೆ ಹೇಳಿದ. "ಗೆಳ್ಯಾ ಹೋಗ್ಯಾನ, ಪೆಟ್ಟಿಗಿ ಕಣ್ಣ ಮುಂದ ಐತಿ, ಪಾರ್ವತೆಮ್ಮವ್ವ ಎದಿ ಎದಿ ಬಡಕೊಳ್ಳಾಕತ್ತಾಳ. ನನ್ನ ಕಿವಿ ಮಾತ್ರ ಆ ಹಾಡು ಹಿಡಿಯಾಕತ್ತಿತ್ತು. ಅದಕ್ಕ ನನಗ ಭಾಳ ದಿನ ನಾಚಿಕಿ ಇತ್ತು."

ಎಲ್ಲ ಮುಗಿದ ಮೇಲೆ ಸೈನಿಕರು ಶಾಲೆಯ ಕಟ್ಟೆಯ ಮೇಲೆ ನೀರು ಕುಡಿಯುತ್ತಿದ್ದರು. ಬ್ಯೂಗಲಿನವನು ತಮಿಳು ಸೀಮೆಯವ, ಹರಕು ಹಿಂದಿ ಬರುತ್ತಿತ್ತು. ನರಸಣ್ಣನಿಗೆ ನಮ್ಮ ಕಡೆಯ ಉರ್ದು ಬರುತ್ತಿತ್ತು. ಅದರಲ್ಲೇ ಕೇಳಿದ, ತಾನೂ ಊದುವವನು, ಇದನ್ನು ಕಲಿಸುತ್ತೀಯಾ ಎಂದು. ಆ ಸೈನಿಕ ಅವನ ಮುಖವನ್ನು ಒಂದು ಗಳಿಗೆ ನೋಡಿ, ಹಿಂದಿನ ಗೋಡೆಯ ಕಡೆ ಕರೆದುಕೊಂಡು ಹೋದ. ಬ್ಯೂಗಲಿಗೆ ಗುಂಡಿಗಳಿಲ್ಲ. ಏರಿಳಿತವೆಲ್ಲ ತುಟಿಯ ಬಿಗಿಯಲ್ಲಿ, ಉಸಿರಿನಲ್ಲಿ. ಅವನು ನರಸಣ್ಣನ ಬಲಗೈ ಹಿಡಿದು ಬೆರಳುಗಳನ್ನು ಮಡಚಿ, "ಉಂಗ್ಲಿ ನೈ," ಎಂದ. ಬೆರಳು ಬೇಡ. ಆಮೇಲೆ ಮೆಲ್ಲಗೆ ಬಾಯಲ್ಲೇ ಮೂರು ಸಲ ಹಾಡಿ ತೋರಿಸಿದ. ಗಾಡಿ ಹೊರಟಿತು. ಲಿಂಗಸುಗೂರಿಗೆ ವಾಪಸು ಬರುವ ಬಸ್ಸಿನಲ್ಲಿ ನರಸಣ್ಣ ಯಾರ ಜೊತೆಯೂ ಮಾತಾಡಲಿಲ್ಲ. ಬಾಯಿ ತೆರೆದರೆ ಧಾಟಿ ಎಲ್ಲಿ ಜಾರಿ ಹೋಗುತ್ತದೋ ಎಂಬ ಹೆದರಿಕೆ. ಕಂಡಕ್ಟರಿಗೂ ಕೈಸನ್ನೆಯಲ್ಲೇ ಊರು ಹೇಳಿದನಂತೆ.

ವರ್ಷ ತುಂಬಿದಾಗ ಊರವರು ಶಾಲೆಯ ಅಂಗಳದಲ್ಲಿ ಗಂಗಾಧರನ ಹೆಸರಿನ ಕಲ್ಲು ನಿಲ್ಲಿಸಿದರು. ಸ್ಮಾರಕ ಸಮಿತಿ ಎಂದೊಂದು ಆಯಿತು. ಆ ದಿನ ಭಾಷಣ ಇತ್ತು, ಹಾರ ಇತ್ತು, ಎರಡು ನಿಮಿಷದ ಮೌನ ಇತ್ತು. ಬ್ಯೂಗಲ್ ಊದುವವರು ಮಾತ್ರ ಇರಲಿಲ್ಲ. ನರಸಣ್ಣನನ್ನು ಯಾರೂ ಕರೆದಿರಲಿಲ್ಲ, ಅವನೇ ಬಂದ. ಊದುವಾಗ ಸಮವಸ್ತ್ರ ಇರಬೇಕೆಂದು ಅವನ ಮನಸ್ಸಿಗೆ ಬಂದಿತ್ತು. ಅವನಿಗಿದ್ದ ಸಮವಸ್ತ್ರ ಒಂದೇ: ಹೆಗಲಿಗೆ ಬಂಗಾರದ ಬಣ್ಣದ ಜಾಲರಿ ಇಳಿಬಿಟ್ಟ ಮದುವೆ ಬ್ಯಾಂಡಿನ ಕೆಂಪು ಕೋಟು. ಅದನ್ನೇ ಹಾಕಿಕೊಂಡು ಬಂದಿದ್ದ.

ಜನ ತಿರುಗಿ ನೋಡಿದರು. "ಯಾರ ಮದುವಿಗಿ ಹೊಂಟೀಯೋ?" ಎಂದು ಯಾರೋ ಕೇಳಿದರು. ಬಸ್ಸಪ್ಪ ಮುಂದಿನ ಸಾಲಿನಿಂದ ಎದ್ದು ಬಂದರು. ಕಣ್ಣು ಕೆಂಪಾಗಿದ್ದವು.

"ನನ್ನ ಮಗನ ಕಲ್ಲಿನ ಮುಂದ ಮದುವಿ ಬಾಜಾ ಊದಾಕ ಬಂದೀಯೇನು? ಹೋಗು. ಇಲ್ಲಿ ನಿಂದ್ರಬ್ಯಾಡ."

"ಕಾಕಾ, ಬಾಜಾ ಅಲ್ರಿ..."

"ಹೋಗು ಅಂದ್ರ ಹೋಗು."

ನರಸಣ್ಣ ಹೋದ. ಅಂಗಳ ದಾಟಿ, ರಸ್ತೆ ದಾಟಿ, ಬೇವಿನ ಮರದ ಕೆಳಗೆ ನಿಂತ. ಕೋಟು ಕಳಚಿ ಮರದ ಬೊಡ್ಡೆಯ ಮೇಲಿಟ್ಟ. ಬನಿಯನ್ ಮೇಲೆಯೇ ನೆಟ್ಟಗೆ ನಿಂತು, ಬೆರಳು ಮಡಚಿ ಊದಿದ. ಅಂಗಳದಲ್ಲಿ ಮಾತಾಡುತ್ತಿದ್ದ ಅತಿಥಿ ಮಾತು ನಿಲ್ಲಿಸಿದರು. ಒಂದು ವರ್ಷದ ಹಿಂದೆ ಅದೇ ಜಾಗದಲ್ಲಿ ಕೇಳಿದ ಧಾಟಿ ಅದೆಂದು ಎಲ್ಲರಿಗೂ ಗುರುತು ಸಿಕ್ಕಿತ್ತು. ಮುಗಿಯುವವರೆಗೆ ಯಾರೂ ಅಲುಗಲಿಲ್ಲ. ಮುಗಿದ ಮೇಲೆ ಬಸ್ಸಪ್ಪ ತಾವೇ ರಸ್ತೆ ದಾಟಿ ಹೋದರು. ಬೊಡ್ಡೆಯ ಮೇಲಿನ ಕೋಟು ಎತ್ತಿಕೊಂಡು, ದೂಳು ಕೊಡವಿ, ಅದನ್ನು ತಮ್ಮ ತೋಳಿನ ಮೇಲೆ ಹಾಕಿಕೊಂಡು ಅವನನ್ನು ಮನೆಗೆ ಕರೆದುಕೊಂಡು ಹೋದರು.

ಮನೆಯಲ್ಲಿ ಪಾರ್ವತೆಮ್ಮ ರೊಟ್ಟಿ, ಪುಂಡಿಪಲ್ಯ ಬಡಿಸಿ ಎದುರಿಗೆ ಕೂತರು.

"ನರಸಣ್ಣ, ಮುಂಜಾನಿಂದ ಮೈಕಿನ್ಯಾಗ ಎಲ್ಲಾರೂ ಧೀರ, ಶೂರ ಅಂದ್ರಪಾ. ಅಂವ ಹಂಗ ಇದ್ನೇನು? ನನಗ ಹಂಗ ಗೊತ್ತಿಲ್ಲ. ನನ್ನ ಮಗ ಮನಿಯಾಗ ಇದ್ದದ್ದು ನನಗ ಗೊತ್ತೈತಿ. ನಿನ್ನ ಜೋಡಿ ಹ್ಯಾಂಗಿದ್ದ, ಅದನ್ನ ಒಂದು ಹೇಳು. ನನಗ ಗೊತ್ತಿಲ್ಲದ್ದು."

ನರಸಣ್ಣ ಯೋಚಿಸಿ, ಆರನೆಯ ತರಗತಿಯಲ್ಲಿ ಮಾಸ್ತರರ ಸೈಕಲ್ಲಿಗೆ ಗಾಳಿ ಹಾಕಲು ಹೋಗಿ ಗಂಗಾಧರ ಟೈರು ಒಡೆಯುವವರೆಗೆ ಪಂಪು ಹೊಡೆದ ಕತೆ ಹೇಳಿದ. ಮಾಸ್ತರರು ನಾಲ್ಕು ದಿನ ನಡೆದು ಬಂದರಂತೆ, ಯಾರ ಕೆಲಸ ಎಂದು ಕಡೆಗೂ ತಿಳಿಯಲಿಲ್ಲವಂತೆ. ಪಾರ್ವತೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮಗ ಸತ್ತ ಮೇಲೆ ಆಕೆ ನಕ್ಕದ್ದು ಅದೇ ಮೊದಲು ಎಂದು ಆಂಜನೇಯ ಹೇಳುತ್ತಿದ್ದ.

ಅಲ್ಲಿಂದ ಅದು ರೂಢಿಯಾಯಿತು. ಮಸ್ಕಿಯ ದರ್ಜಿ ಮಂಜೂರ್ ಅವನಿಗೊಂದು ಬಿಳಿಯ ಅಂಗಿ ಹೊಲಿದುಕೊಟ್ಟ. ಪ್ರತಿ ಜುಲೈನಲ್ಲಿ ನರಸಣ್ಣ ಬೆಳಗಿನ ಬಸ್ಸಿಗೆ ಮಸ್ಕಿಗೆ ಬಂದು, ಅಲ್ಲಿಂದ ಶೇರ್ ಆಟೋದಲ್ಲಿ ತೊಡೆಯ ಮೇಲೆ ಟ್ರಂಪೆಟ್ ಪೆಟ್ಟಿಗೆ ಇಟ್ಟುಕೊಂಡು ಬರುತ್ತಿದ್ದ. ಹೊಲದಲ್ಲಿ ಹೆಸರಿನ ಬೆಳೆ ಹೂ ಬಿಡುವ ಹೊತ್ತು. ಮಳೆ ಬಿದ್ದಿದ್ದರೆ ಕರಿಮಣ್ಣು ಅಂಟಿ ಚಪ್ಪಲಿ ಎತ್ತಲಾರದಷ್ಟು ಭಾರ. ನನ್ನ ಮಕ್ಕಳು, ಅಂದರೆ ಶಾಲೆಯ ಮಕ್ಕಳು, ಸಾಲಾಗಿ ನಿಲ್ಲುತ್ತಿದ್ದರು. ಬಾವುಟ ಏರುತ್ತಿತ್ತು, ಅತಿಥಿಗಳು ಮಾತಾಡುತ್ತಿದ್ದರು, ಪಾರ್ವತೆಮ್ಮನಿಗೂ ಪದ್ಮಾವತಿಗೂ ಶಾಲು ಹೊದಿಸುತ್ತಿದ್ದರು. ಕೊನೆಗೆ ನರಸಣ್ಣ ಊದುತ್ತಿದ್ದ. ಮಕ್ಕಳಿಗೆ ಬೂಂದಿ ಹಂಚಿದ ಮೇಲೆ ಅವನು ಬಸ್ಸಪ್ಪನವರ ಮನೆಗೆ ಹೋಗಿ, ಊಟಕ್ಕೆ ಕೂತು, ಆ ವರ್ಷದ ಸುದ್ದಿ ಹೇಳುತ್ತಿದ್ದ. ಪಾರ್ವತೆಮ್ಮ ಅದನ್ನು 'ಸುದ್ದಿ' ಎಂದೇ ಕರೆಯುತ್ತಿದ್ದರು, ಮಗನಿಂದ ಈಗಷ್ಟೇ ಪತ್ರ ಬಂದಂತೆ. "ಈ ವರ್ಷ ಏನ್ ಸುದ್ದಿ ತಂದೀಪಾ?"

ನಾನೂ ಕೆಲವು ಸಲ ಆ ಊಟಕ್ಕೆ ಕೂತಿದ್ದೇನೆ. ಪದ್ಮಾವತಿ ಮಾತ್ರ ಇರುತ್ತಿರಲಿಲ್ಲ. ಆಕೆಗೆ ಸಿಂಧನೂರಿನ ಕಚೇರಿಯೊಂದರಲ್ಲಿ ನೌಕರಿ ಸಿಕ್ಕಿತ್ತು. ಗಂಗಾಧರ ಸತ್ತ ವರ್ಷವೇ ಅಕ್ಟೋಬರಿನಲ್ಲಿ ಹುಟ್ಟಿದ ಮಗಳು ದೀಪಿಕಾಳನ್ನು ಅಲ್ಲೇ ಬೆಳೆಸುತ್ತಿದ್ದಳು. ಕಾರ್ಯಕ್ರಮ ಮುಗಿದ ಕೂಡಲೇ ಅತ್ತೆ ಮಾವನ ಕಾಲಿಗೆರಗಿ, ಮಗಳ ಕೈ ಹಿಡಿದು ಹೊರಟುಬಿಡುತ್ತಿದ್ದಳು. ಆ ಮನೆಯೊಳಗೆ ಹೆಚ್ಚು ಹೊತ್ತು ಇರುವುದು ಆಕೆಯಿಂದ ಆಗುತ್ತಿರಲಿಲ್ಲ. ಯಾರೂ ಬಲವಂತ ಮಾಡಲಿಲ್ಲ. ದೀಪಿಕಾ ವೇದಿಕೆಯ ಕುರ್ಚಿಯಲ್ಲಿ ತನ್ನ ಬೂಟು ನೋಡುತ್ತ ಕೂತಿರುತ್ತಿದ್ದಳು. 'ವೀರಯೋಧನ ಮಗಳು' ಎಂದು ಮೈಕಿನಲ್ಲಿ ಕರೆದಾಗ ಎದ್ದು ಕೈಮುಗಿದು ಮತ್ತೆ ಕೂರುತ್ತಿದ್ದಳು.

ಹನ್ನೆರಡು ಹದಿಮೂರು ವರ್ಷವಾಗುವಷ್ಟರಲ್ಲಿ ನರಸಣ್ಣನ ಬಳಿ ಸುದ್ದಿ ಮುಗಿಯಿತು. ಏಳು ವರ್ಷ ಜೊತೆಗೆ ಓದಿದ ಗೆಳೆಯನ ಬಗ್ಗೆ ಹೇಳುವುದೆಲ್ಲ ಹೇಳಿ ಆಗಿತ್ತು. ಬರಿಗೈಯಲ್ಲಿ ಹೋಗಲು ಮನಸ್ಸಾಗದೆ ಆ ವರ್ಷ ಅವನು ಒಂದು ಕತೆ ಕಟ್ಟಿದ. ದಢೇಸುಗೂರಿನ ಕಾಲುವೆಯಲ್ಲಿ ಕರು ಬಿದ್ದಿತ್ತು, ಗಂಗಾಧರ ಬಟ್ಟೆ ಸಮೇತ ಹಾರಿ, ಈಜಿ, ಅದನ್ನು ದಡಕ್ಕೆ ತಂದ ಎಂದು.

ಪಾರ್ವತೆಮ್ಮ ಕೊನೆಯವರೆಗೂ ಕೇಳಿದರು. ಆಮೇಲೆ ಮೆತ್ತಗೆ ಹೇಳಿದರು: "ಇದು ಯಾರ ಮಗನ ಸುದ್ದಿಯೋ ನರಸಣ್ಣ? ನನ್ನ ಮಗಗ ಈಜಾಕ ಬರ್ತಿರಲಿಲ್ಲ. ಭಾವಿಗಿ ಹೋದ್ರ ಮೆಟ್ಟಲ ಮ್ಯಾಲ ಕುಂತು ಚರಗೀಲೆ ನೀರು ಹಾಕ್ಕೊಂತಿದ್ದ."

ನರಸಣ್ಣ ತಲೆ ತಗ್ಗಿಸಿದ. "ತಪ್ಪಾತವ್ವಾ. ನನ್ನ ಹಂತ್ಯಾಕ ಇದ್ದದ್ದು ಎಲ್ಲಾ ತೀರೈತಿ."

"ತೀರಿದ್ರ ತೀರಿತು ಅನ್ನು. ಸುಳ್ಳು ತರಬ್ಯಾಡ. ಅಂವ ಇದ್ದಷ್ಟೇ ನನಗ ಬೇಕು."

ಆ ಮಾತು ಅವನನ್ನು ಬಹಳ ದಿನ ಕಾಡಿತು. ಇದ್ದಷ್ಟೇ ಬೇಕು ಅಂದಳಲ್ಲ, ಆದರೆ ಇದ್ದದ್ದೆಲ್ಲ ನನ್ನೊಬ್ಬನ ಹತ್ತಿರವೇ ಇದೆಯೇ ಎಂದು ಅವನಿಗೆ ಅನ್ನಿಸಿತು. ಬೇರೆಯವರ ಬಳಿಯೂ ಗಂಗಾಧರ ಇರಬೇಕಲ್ಲ. ಮದುವೆಯ ಹಂಗಾಮು ಮುಗಿದು ಬ್ಯಾಂಡಿಗೆ ಕೆಲಸವಿಲ್ಲದ ದಿನಗಳಲ್ಲಿ ಅವನು ಹುಡುಕಲು ಹೊರಟ.

ಮೊದಲು ಹೋದದ್ದು ಹಟ್ಟಿಗೆ. ಜೊತೆಗೆ ಓದಿದ ಶಿವಕಾಂತ ಅಲ್ಲಿನ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ. ಮುಂಜಾನೆಯ ಶಿಫ್ಟು ಮುಗಿಸಿ ಕಂಪನಿಯ ಕ್ವಾರ್ಟರ್ಸಿಗೆ ಬಂದ ಶಿವಕಾಂತ, ತಲೆ ಒರೆಸಿಕೊಳ್ಳುತ್ತಲೇ ನಕ್ಕ. "ಅಂವನ್ನ ಒಂದ್ಸಲ ಇಲ್ಲಿ ಕೆಲಸಕ್ಕ ಅಂತ ಕರಕೊಂಡು ಬಂದಿದ್ನೆಪಾ. ನೆಲದಾಗ ಇಳಿಯೋ ಪಂಜರ ನೋಡ್ದ. ನೋಡಿ, ಒಂದಕ್ಕ ಹೋಗಿ ಬರ್ತೀನಿ ಅಂತ ಹೋದಾಂವ ಸೀದಾ ಬಸ್ ಸ್ಟ್ಯಾಂಡಿಗಿ ಹೋಗ್ಯಾನ! ಬುತ್ತಿ ಡಬ್ಬಿ ಇಲ್ಲೇ ಉಳೀತು. ನಾನ ಉಂಡೆ."

ಆ ವರ್ಷ ಈ ಸುದ್ದಿ ಕೇಳಿ ಪಾರ್ವತೆಮ್ಮ ತೊಡೆ ತಟ್ಟಿಕೊಂಡರು. "ಅಯ್ಯ, ನನ್ನ ತವರುಮನಿ ಡಬ್ಬಿ! ಬಸ್ಸಿನ್ಯಾಗ ಕಳೀತು ಅಂದಿದ್ದ ಭಾಡ್ಯಾ. ಎಂಟು ದಿನ ಬೈದಿದ್ದೆ." ಮರುವರ್ಷ ಶಿವಕಾಂತ ಆ ಡಬ್ಬಿಯನ್ನೇ ಹುಡುಕಿ ಕಳಿಸಿದ. ಮುಚ್ಚಳ ಇರಲಿಲ್ಲ. ಪಾರ್ವತೆಮ್ಮ ಅದರಲ್ಲಿ ಉಪ್ಪು ಹಾಕಿಟ್ಟುಕೊಂಡರು.

ಆಮೇಲೆ ದಢೇಸುಗೂರು. ಪದ್ಮಾವತಿಯ ದೊಡ್ಡಮ್ಮ ಗ್ಯಾನಮ್ಮ ಗದ್ದೆಯ ಬದುವಿನಲ್ಲಿ ಕೂತು ಹೇಳಿದ ಸುದ್ದಿ ನನಗೆ ಎಲ್ಲಕ್ಕಿಂತ ಪ್ರಿಯ. ಒಣಬೇಸಾಯದ ಊರಿನ ಅಳಿಯ ಮೊದಲ ಸಲ ನಾಟಿ ಗದ್ದೆ ನೋಡಿದ್ದ. ತಾನೂ ನೆಡುತ್ತೇನೆಂದು ಪ್ಯಾಂಟು ಮಡಚಿ ಇಳಿದ. ಎರಡು ಹೆಜ್ಜೆಗೆ ಮೊಣಕಾಲವರೆಗೆ ಹೂತುಕೊಂಡ. ಎತ್ತಲು ಹೋದ ಇಬ್ಬರು ಹೆಂಗಸರೂ ಅವನ ಜೊತೆ ಬಿದ್ದರು. "ಭತ್ತ ನೆಡೋದಿರಲ್ರೀ ದೊಡ್ಡಮ್ಮಾ, ನಾನ ನೆಟ್ಕೊಂಡುಬಿಟ್ಟೆ ಅಂದ ನೋಡಪಾ," ಎಂದು ಗ್ಯಾನಮ್ಮ ಕಣ್ಣೊರೆಸಿಕೊಂಡಳಂತೆ. "ಆ ವರ್ಷ ಅಂವ ನಿಂತ ಜಾಗದಾಗ ಒಂದು ಕುಣಿ ಬಿದ್ದಿತ್ತು. ನೀರು ಕಟ್ಟಿದಾಗ ನೋಡಿ ನೋಡಿ ನಗ್ತಿದ್ವಿ."

ಹೀಗೆ ಹತ್ತು ವರ್ಷ ನಡೆಯಿತು. ನಡುವೆ ಬಸ್ಸಪ್ಪ ತೀರಿಕೊಂಡರು. ಸಾಯುವ ಹಿಂದಿನ ಜುಲೈನಲ್ಲಿ ನರಸಣ್ಣನನ್ನು ಪಕ್ಕಕ್ಕೆ ಕರೆದು, "ಆವತ್ತು ಹೋಗು ಅಂದಿದ್ದೆ. ಮನಸಿನ್ಯಾಗ ಇಟ್ಕೋಬ್ಯಾಡ," ಎಂದರಂತೆ. ನರಸಣ್ಣ, "ಯಾವತ್ತು ಕಾಕಾ?" ಎಂದನಂತೆ.

ಕಾಲ ಬದಲಾಗುತ್ತಿತ್ತು. ಮದುವೆಗಳಿಗೆ ಡಿಜೆ ಬಂದವು. ಲಾರಿಯ ಮೇಲೆ ಪೇರಿಸಿದ ಪೆಟ್ಟಿಗೆಗಳ ಸದ್ದಿನ ಮುಂದೆ ಟ್ರಂಪೆಟ್ ಯಾರಿಗೆ ಕೇಳಬೇಕು? ಹದಿನಾಲ್ಕು ಜನರಿದ್ದ ಬ್ಯಾಂಡ್ ಆರಕ್ಕೆ ಇಳಿಯಿತು. ಎರಡು ಸಾವಿರದ ಇಪ್ಪತ್ತೊಂದರಲ್ಲಿ ಅವರನ್ನು ಒಯ್ಯುತ್ತಿದ್ದ ಟಂಟಂ ಆಟೋ ತಿರುವಿನಲ್ಲಿ ಮಗುಚಿತು. ಉಳಿದವರಿಗೆ ತರಚುಗಾಯ. ನರಸಣ್ಣನ ಮುಂದಿನ ಮೂರು ಹಲ್ಲು ಹೋದವು. ಊದುವವನಿಗೆ ಮುಂದಿನ ಹಲ್ಲು ಹೋದರೆ ತುಟಿಗೆ ಆನಿಕೆಯೇ ಇಲ್ಲ. ಕಟ್ಟಿಸಿದ ಹಲ್ಲು ಹಾಕಿಸಿಕೊಂಡ. ರೊಟ್ಟಿಗೆ ಸರಿಹೋಯಿತು, ಟ್ರಂಪೆಟ್ಟಿಗೆ ಆಗಲಿಲ್ಲ.

ಆದರೂ ಮರುವರ್ಷ ಬಂದ. ಬಿಳಿಯ ಅಂಗಿ, ಮಡಚಿದ ಬೆರಳು, ಎಲ್ಲ ಹಾಗೇ. ಮೊದಲೆರಡು ಸ್ವರ ನೆಟ್ಟಗೆ ಬಂದವು. ಮೂರನೆಯದಕ್ಕೆ ಏರುವಾಗ ಸ್ವರ ಒಡೆದು ಬರೀ ಗಾಳಿ ಹೊರಬಂತು. ಮತ್ತೊಮ್ಮೆ ನೋಡಿದ. ಮತ್ತೆ ಗಾಳಿ. ಸಾಲಿನಲ್ಲಿದ್ದ ಒಂದಿಬ್ಬರು ಮಕ್ಕಳು ಕಿಸಕ್ಕೆಂದರು, ನಾನು ಅವರತ್ತ ಕಣ್ಣು ದೊಡ್ಡದು ಮಾಡಿದೆ. ನರಸಣ್ಣ ಟ್ರಂಪೆಟ್ ಇಳಿಸಿ, ಕಲ್ಲಿಗೆ ಕೈಮುಗಿದು, ಯಾರ ಮುಖವನ್ನೂ ನೋಡದೆ ಹೊರಟುಹೋದ. ಅಂದು ಪಾರ್ವತೆಮ್ಮನ ಮನೆಗೂ ಹೋಗಲಿಲ್ಲ.

ಅದರ ಮುಂದಿನ ವರ್ಷ ಸಮಿತಿಯವರು ಬ್ಯೂಗಲಿನ ಧ್ವನಿಯನ್ನು ಮೊಬೈಲಿನಿಂದ ಸ್ಪೀಕರಿಗೆ ಹಚ್ಚಿದರು. ತಪ್ಪಿಲ್ಲದೆ ಬಂತು. ನರಸಣ್ಣ ಬರಲಿಲ್ಲ. ಸಂಜೆ ಪಾರ್ವತೆಮ್ಮ ನನ್ನನ್ನು ಕರೆಸಿದರು. ಒಲೆಯ ಪಕ್ಕದಲ್ಲಿ ಅವನ ಪಾಲಿನ ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟಿತ್ತು.

"ಟೀಚರ್ರೀ, ನೀವು ಲಿಂಗಸುಗೂರಿಗಿ ಹೋಗಿ ಅಂವಗ ಹೇಳ್ರಿ. ಊದಾಕ ಬ್ಯಾಡ. ಸುದ್ದಿ ತರಾಕ ಬಾ ಅಂತ."

ನಾನು ಹೋದೆ. ನರಸಣ್ಣ ಒಂದು ಕಲ್ಯಾಣಮಂಟಪದಲ್ಲಿ ಕಾವಲುಗಾರನಾಗಿದ್ದ. ಒಳಗೆ ಯಾರದೋ ಆರತಕ್ಷತೆ, ಡಿಜೆಯ ಸದ್ದಿಗೆ ಗೇಟಿನ ಕಬ್ಬಿಣ ಅದುರುತ್ತಿತ್ತು. ಕೂಗಿ ಕೂಗಿಯೇ ಮಾತಾಡಬೇಕಾಯಿತು. ಅವನು ನನಗೆ ತನ್ನ ಕುರ್ಚಿ ಕೊಟ್ಟು ನಿಂತುಕೊಂಡ.

"ಯಾವ ಮುಖ ಹೊತ್ಕೊಂಡು ಬರಲ್ರಿ?"

"ಪಾರ್ವತೆಮ್ಮನಿಗೆ ನಿನ್ನ ಮುಖ ಬೇಕಿಲ್ಲ, ಸುದ್ದಿ ಬೇಕಂತೆ," ಎಂದೆ.

ಅವನು ನಗಲು ಹೋಗಿ ಬಾಯಿ ಮುಚ್ಚಿಕೊಂಡ. "ಒಂದು ಐತಿರಿ," ಎಂದ. "ಅದನ್ನ ಹೇಳಬಾರ್ದು ಅಂತ ಇಷ್ಟು ವರ್ಷ ಇಟ್ಕೊಂಡೀನಿ."

ಇಪ್ಪತ್ನಾಲ್ಕರ ಜುಲೈನಲ್ಲಿ, ಇಪ್ಪತ್ತೈದು ವರ್ಷ ತುಂಬಿದ ಸಲ, ಅವನು ಬಂದ. ಕಾರ್ಯಕ್ರಮ ದೊಡ್ಡದಾಗಿತ್ತು. ಅವನು ಹಿಂದೆ, ಜನರ ನಡುವೆ ನಿಂತು, ಸ್ಪೀಕರಿನ ಬ್ಯೂಗಲ್ ಕೇಳಿದ. ನಂತರ ಮನೆಗೆ ಬಂದು, ಊಟಕ್ಕೆ ಕೂರುವ ಮೊದಲೇ ಹೇಳಿದ.

ತೊಂಬತ್ತೊಂಬತ್ತರ ಮಾರ್ಚ್ ತಿಂಗಳಲ್ಲಿ ಕೊನೆಯ ರಜೆ ಮುಗಿಸಿ ಗಂಗಾಧರ ಹೊರಟಾಗ ನರಸಣ್ಣ ಬೀಳ್ಕೊಡಲು ಮಸ್ಕಿಯ ಬಸ್ ನಿಲ್ದಾಣಕ್ಕೆ ಬಂದಿದ್ದ. ಬಸ್ಸು ಬಂತು, ಗಂಗಾಧರ ಹತ್ತಲಿಲ್ಲ. ಚಹಾ ಕುಡಿಯೋಣ ಎಂದ. ಎರಡನೆಯ ಬಸ್ಸೂ ಬಂತು, ಹೋಯಿತು. "ಒಂದು ದಿನ ಇದ್ದು ಹೋಗಲೇನಲೇ?" ಎಂದು ಕೇಳಿದ. ನರಸಣ್ಣ ನಕ್ಕ. "ಹೊಸಾ ಹೆಂಡ್ತಿ ನೆಪ್ಪಾಗಾಕತ್ತಾಳೇನು? ಹೋಗಲೇ, ರೈಲು ತಪ್ತೈತಿ," ಎಂದು ಮೂರನೆಯ ಬಸ್ಸಿಗೆ ಅವನ ಟ್ರಂಕನ್ನು ತಾನೇ ಎತ್ತಿಹಾಕಿದ.

"ಟ್ರಂಕ್ ನಾನ ಎತ್ತಿ ಹಾಕಿದ್ನೆವ್ವಾ," ಎಂದ ನರಸಣ್ಣ. "ಇರು ಅನ್ನಬೇಕಿತ್ತು. ಒಂದು ದಿನ ಇರು ಅನ್ನಬೇಕಿತ್ತು." ಐವತ್ತರ ಗಂಡಸು ಗೋಡೆಗೆ ತಲೆ ಆನಿಸಿ ಅತ್ತುಬಿಟ್ಟ.

ಪಾರ್ವತೆಮ್ಮ ಅಳಲಿಲ್ಲ. ಮುಂದೆ ಬಾಗಿ ಕೇಳಿದರು, "ಎರಡು ಬಸ್ ಬಿಟ್ನಾ? ಅಷ್ಟೊತ್ತು ಏನ್ ಮಾಡಿದ್ರಿ?"

"ಚಾ ಕುಡದ್ವಿ."

"ಏನಾರ ತಿಂದ್ನಾ?"

"ಮಿರ್ಚಿ ಭಜಿ ತಿಂದ. ನಾಕು. ಆಮ್ಯಾಲ ಇನ್ನೆರಡು."

"ಆರು!" ಮುದುಕಿಯ ಮುಖ ಅರಳಿತು. "ಮನಿಯಾಗ ಹೊಟ್ಟಿ ತುಂಬೈತಿ ಒಲ್ಲೆ ಅಂತ ಅರ್ಧ ರೊಟ್ಟಿ ಬಿಟ್ಟು ಎದ್ದು ಹೋಗಿದ್ದ. ಇಪ್ಪತ್ತೈದು ವರ್ಷ ಆತು, ಮಗ ಉಪಾಸ ಹೋದ ಅಂತ ಅಂದ್ಕೊಂಡಿದ್ದೆ. ಆರು ಮಿರ್ಚಿ ತಿಂದು ಹೋಗ್ಯಾನ!" ಆಮೇಲೆ ನರಸಣ್ಣನ ಬೆನ್ನ ಮೇಲೆ ಕೈಯಿಟ್ಟು, "ಅಂವ ಹೋಗಾಂವ ಇದ್ದ, ಹೋದ. ನೀ ಟ್ರಂಕ್ ಎತ್ತಿಕೊಟ್ಟಿ. ಭಾರ ಇತ್ತದು, ಚಲೋ ಮಾಡಿದಿ. ಏಳು, ಉಣ್ಣು," ಎಂದರು.

ನಾನು ಕಳೆದ ವರ್ಷ ನಿವೃತ್ತಳಾದೆ. ಹೋದ ಜುಲೈನಲ್ಲಿ ಸಿಂಧನೂರಿನಿಂದ ಪದ್ಮಾವತಿ, ದೀಪಿಕಾರ ಜೊತೆ ಒಂದೇ ಬಸ್ಸಿನಲ್ಲಿ ಸಂತೆಕಲ್ಲೂರಿಗೆ ಹೋದೆ. ದೀಪಿಕಾ ಈಗ ಬ್ಯಾಂಕಿನಲ್ಲಿ ನೌಕರಿ ಮಾಡುತ್ತಾಳೆ. ದಾರಿಯಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತ, "ಟೀಚರ್, ಪ್ರತಿ ವರ್ಷ ಬರ್ತೀನಿ. ನನಗ ಅಪ್ಪ ಅಂದ್ರ ಒಂದು ಫೋಟೋ, ಒಂದು ಕಲ್ಲು. ಅಳು ಸೈತ ಬರೋದಿಲ್ಲ," ಎಂದಳು.

ಕಾರ್ಯಕ್ರಮದಲ್ಲಿ ಸನ್ಮಾನಕ್ಕೆಂದು ಪಾರ್ವತೆಮ್ಮನನ್ನು ವೇದಿಕೆಗೆ ಕರೆದರು. ಆಕೆ ಶಾಲನ್ನು ಕೈಯಿಂದ ತಡೆದರು. ಮೈಕು ಹತ್ತಿರವೇ ಇದ್ದುದರಿಂದ ಮಾತು ಅಂಗಳಕ್ಕೆಲ್ಲ ಕೇಳಿತು. "ಶಾಲು ಮನಿಯಾಗ ಭಾಳ ಅದಾವ್ರಪಾ. ಈ ಸಲ ಶಾಲು ಬ್ಯಾಡ. ಅಲ್ಲಿ ಹಿಂದ ನಿಂತಾನ ನೋಡ್ರಿ ನರಸಣ್ಣ, ಅಂವಗ ಒಂದೀಟು ಮಾತಾಡಾಕ ಕೊಡ್ರಿ. ನನ್ನ ಮಗ ಅಂವಗ ಗೊತ್ತು."

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನರಸಣ್ಣ ಬೇಡ ಬೇಡ ಎನ್ನುತ್ತಲೇ ಬಂದ. ಮೈಕು ಹಿಡಿದುಕೊಂಡ. ಮೊದಲು ಕೆಮ್ಮಿದ. ಆಮೇಲೆ ಹಿಂದೆಂದೋ ಪಾರ್ವತೆಮ್ಮನಿಗೆ ಹೇಳಿದ್ದ ಸುದ್ದಿಯೊಂದನ್ನು ಹೇಳತೊಡಗಿದ.

"ಗಂಗಾಧರನ ಮನಿಯಾಗ ಒಂದು ಎಮ್ಮಿ ಇತ್ರಿ. ಅಂವ 'ಬಾ' ಅಂದ್ರ ಮಾತ್ರ ಬರ್ತಿತ್ತು, ಅಂವ ಹಿಂಡಿ ಇಟ್ರ ಮಾತ್ರ ತಿಂತಿತ್ತು. ದಿನಾ ಅಂವನ ಹಿಂದ ಸಾಲಿಗಿ ಬರ್ತಿತ್ತು. ಒಂದಿನ ಇನ್ಸ್‌ಪೆಕ್ಟರ್ ಸಾಹೇಬ್ರು ಬಂದಾರ, ಮಾಸ್ತರು ನಡಗಾಕತ್ತಾರ, ನಾವೆಲ್ಲಾ ಕೈಕಟ್ಟಿ ಕುಂತೀವಿ. ಆವಾಗ ಎಮ್ಮಿ ಕಿಟಕಿಯಾಗ ಸೀದಾ ತೆಲಿ ಹಾಕಿ, 'ಆಂ' ಅಂತು. 'ಏನಿದು?' ಅಂದ್ರು ಸಾಹೇಬ್ರು. ಗಂಗ್ಯಾ ಎದ್ದು ನಿಂತು ಕೈಮುಗುದು ಅಂದ, 'ನಮ್ಮ ಎಮ್ಮಿರಿ. ಟೈಮ್ ಆತು, ನನ್ನ ಕರಿಯಾಕ ಬಂದೈತ್ರಿ.'"

ಮಕ್ಕಳು ಗೊಳ್ಳೆಂದು ನಕ್ಕರು. ಮುಖ್ಯ ಅತಿಥಿ ನಗಬೇಕೋ ಬಾರದೋ ತಿಳಿಯದೆ ಪಾರ್ವತೆಮ್ಮನ ಕಡೆ ನೋಡಿದರು. ಆಕೆ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದುದನ್ನು ಕಂಡು ಅವರೂ ನಕ್ಕರು. ಪದ್ಮಾವತಿ ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಆಗ ವೇದಿಕೆಯ ಕುರ್ಚಿಯಿಂದ ದೀಪಿಕಾಳ ದನಿ ಕೇಳಿತು.

"ಆಮ್ಯಾಲ ಏನಾತು ಕಾಕಾ? ಸಾಹೇಬ್ರು ಏನಂದ್ರು?"

ನರಸಣ್ಣ ಅವಳತ್ತ ತಿರುಗಿದ. "ಸಾಹೇಬ್ರು ಏನಂತಾರವ್ವಾ? 'ಹಂಗಾರ ಹೋಗಪಾ' ಅಂದ್ರು. ನಿಮ್ಮಪ್ಪ ಪಾಟಿಚೀಲ ತಗೊಂಡು ಹೊಂಟಾ ಹೋದ!"

ಆ ದಿನ ತಾಯಿ ಮಗಳು ಕೂಡಲೇ ಹೊರಡಲಿಲ್ಲ. ಅಂಗಳ ಖಾಲಿಯಾದ ಮೇಲೆ ದೀಪಿಕಾ ನರಸಣ್ಣನ ಹತ್ತಿರ ಬಂದು, "ಆ ಕಿಟಕಿ ಯಾವುದು, ತೋರಿಸ್ರಿ," ಎಂದಳು. ಹಳೆಯ ಕೋಣೆಯಲ್ಲಿ ಈಗ ಬಿಸಿಯೂಟದ ಅಕ್ಕಿಚೀಲ ಇಡುತ್ತಾರೆ. ಬೀಗದ ಕೈ ತರಿಸಿದೆ. ಚೀಲಗಳ ನಡುವೆ ದಾರಿ ಮಾಡಿಕೊಂಡು ನರಸಣ್ಣ ಮುಂದೆ ಹೋದ, ತಾನೂ ಗಂಗಾಧರನೂ ಕೂರುತ್ತಿದ್ದ ಮೂಲೆ ತೋರಿಸಿದ, ಕಿಟಕಿಯ ಬಾಗಿಲು ನೂಕಿದ. ಹೊರಗೆ ಬಿಸಿಲಿತ್ತು. ಸರಳುಗಳಿಲ್ಲದ ಆ ಸಣ್ಣ ಕಿಟಕಿಯಲ್ಲಿ ದೀಪಿಕಾ ತಲೆ ಹೊರಗೆ ಹಾಕಿ, ಎಮ್ಮೆ ಬರುತ್ತಿದ್ದ ದಾರಿಯನ್ನು ತುಂಬಾ ಹೊತ್ತು ನೋಡಿದಳು.